ಗಾಮಾ ಕೊಟ್ಟ ಮೇಲೆ ನ್ಯಾನೋಟ್ಯೂಬ್ ಟ್ರಾನ್ಸಿಸ್ಟರ್ ಆನ್ ಆಗುತ್ತಿಲ್ಲ, ಸಹಾಯ ಮಾಡಿ

ಟ್ಯೂಬ್_ತುಮಕೂರು:
ಮೂರು ವಾರದ ಕೆಲಸ ನೀರಿಗೆ ಹೋಗುತ್ತಿದೆ. ಪುಟ್ಟ ಉಪಗ್ರಹದ ಸೆನ್ಸರ್‌ಗೆ ಅಂತ ಕಾರ್ಬನ್ ನ್ಯಾನೋಟ್ಯೂಬ್ ಟ್ರಾನ್ಸಿಸ್ಟರ್ ಮಾಡಿದ್ದೆವು. ಗಾಮಾ ಕಿರಣ ಸೂಸುವ ಕೋಬಾಲ್ಟ್-60 ಇರುವ ಚೇಂಬರ್‌ನಲ್ಲಿ 1 ಕಿಲೋಗ್ರೇ (ಗ್ರೇ ಅಂದರೆ ವಸ್ತು ಹೀರಿದ ರೇಡಿಯೇಶನ್‌ನ ಅಳತೆ) ಕೊಟ್ಟೆವು. ಮೊದಲು ಗೇಟ್‌ಗೆ (ಕರೆಂಟನ್ನು ಆನ್, ಆಫ್ ಮಾಡುವ ತುದಿ) -2 ವೋಲ್ಟ್ ಕೊಟ್ಟರೇ ಆನ್ ಆಗುತ್ತಿದ್ದವು, ಈಗ -10 ಕೊಟ್ಟರೂ ಕರೆಂಟ್ ಏಳುತ್ತಿಲ್ಲ. 12 ಚಿಪ್‌ಗಳದ್ದೂ ಅದೇ ಕಥೆ. ನ್ಯಾನೋಟ್ಯೂಬ್ ರೇಡಿಯೇಶನ್‌ಗೆ ಜಗ್ಗಲ್ಲ ಅಂತಾರಲ್ವಾ?

ಪ್ರೋಬ್_ಕೋರಮಂಗಲ:
ಟ್ಯೂಬೇ ಹಾಳಾಗಿದೆ. ಗಾಮಾ ಎಬ್ಬಿಸುವ ಎಲೆಕ್ಟ್ರಾನ್‌ಗೆ ಸುಮಾರು 86 ಕಿಲೋಎಲೆಕ್ಟ್ರಾನ್‌ವೋಲ್ಟ್ ಇದ್ದರೆ ಸಾಕು, ಕಾರ್ಬನ್ ಪರಮಾಣು ಜಾಗ ಬಿಟ್ಟು ಕಿತ್ತು ಬರುತ್ತದೆ. ರಾಮನ್ (ಲೇಸರ್ ಬೆಳಕಿನ ಪರೀಕ್ಷೆ) ತೆಗೆಸಿ, ಟ್ಯೂಬಿನ ದೋಷ ತೋರಿಸುವ ಡಿ ಬ್ಯಾಂಡ್ ಎದ್ದಿರುತ್ತದೆ.

ಟ್ಯೂಬ್_ತುಮಕೂರು:
ತೆಗೆಸಿದ್ದೇವೆ. ಡಿ ಮತ್ತು ಜಿ (ಸರಿಯಿರುವ ಕಾರ್ಬನ್‌ನ ಬ್ಯಾಂಡ್) ಅನುಪಾತ ಮೊದಲಿದ್ದಷ್ಟೇ ಇದೆ.

ಪ್ರೋಬ್_ಕೋರಮಂಗಲ:
ಒಂದೇ ಚುಕ್ಕಿಯಲ್ಲಿ ತೆಗೆಸಿರುತ್ತೀರಿ. ಹತ್ತು ಕಡೆ ತೆಗೆಸಿ, ಸಿಕ್ಕೇ ಸಿಗುತ್ತದೆ.

ಮೈಸೂರು_ಸರ್ಕ್ಯೂಟ್:
ರಾಮನ್ ಆಮೇಲೆ ನೋಡೋಣ. ಟ್ಯೂಬ್ ಮತ್ತು ಗೇಟ್ ನಡುವೆ ಕರೆಂಟ್ ತಡೆಯುವ ಆಕ್ಸೈಡ್ ಪದರ ಎಷ್ಟು ದಪ್ಪ? ಗಾಮಾ ಬೀಳುವಾಗ ಗೇಟ್‌ಗೆ ವೋಲ್ಟೇಜ್ ಇತ್ತಾ? ಗಾಳಿಯಲ್ಲೋ ವ್ಯಾಕ್ಯೂಮ್‌ನಲ್ಲೋ? ಇದನ್ನೆಲ್ಲ ಹೇಳದಿದ್ದರೆ ನಾವು ಸುಮ್ನೆ ಊಹೆ ಮಾಡಬೇಕಾಗುತ್ತದೆ.

ಟ್ಯೂಬ್_ತುಮಕೂರು:
ಮಾಮೂಲಿ ವೇಫರ್ ಸರ್, 300 ನ್ಯಾನೋಮೀಟರ್ ಸಿಲಿಕಾನ್ ಡೈಆಕ್ಸೈಡ್, ಬ್ಯಾಕ್ ಗೇಟ್ (ಗೇಟ್ ಅದರ ಕೆಳಗಿದೆ). ಗಾಳಿಯಲ್ಲೇ ಇಟ್ಟಿದ್ದೆವು. ಪಿನ್‌ಗಳನ್ನೆಲ್ಲ ಫಾಯಿಲ್ ಸುತ್ತಿ ಶಾರ್ಟ್ ಮಾಡಿದ್ದೆವು.

ಮೈಸೂರು_ಸರ್ಕ್ಯೂಟ್:
ಹಾಗಾದರೆ ತೊಂದರೆ ಆಕ್ಸೈಡ್‌ನದ್ದು. ಗಾಮಾ ಬಿದ್ದಾಗ ಅದರೊಳಗೆ ಎಲೆಕ್ಟ್ರಾನ್, ಹೋಲ್ (ಎಲೆಕ್ಟ್ರಾನ್ ಬಿಟ್ಟುಹೋದ ಪಾಸಿಟಿವ್ ಖಾಲಿ ಜಾಗ) ಜೋಡಿಗಳು ಹುಟ್ಟುತ್ತವೆ. ಎಲೆಕ್ಟ್ರಾನ್ ಬೇಗ ಹೊರಗೆ ಓಡುತ್ತದೆ, ಹೋಲ್‌ಗಳು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಆ ಪಾಸಿಟಿವ್ ಚಾರ್ಜ್ ಟ್ಯೂಬ್ ಕೆಳಗೇ ಕೂತಿರುವುದರಿಂದ ಗೇಟನ್ನು ಇನ್ನೂ ನೆಗೆಟಿವ್ ಕಡೆ ಎಳೆಯಬೇಕು. ಆಕ್ಸೈಡ್ ದಪ್ಪ ಎರಡು ಪಟ್ಟಾದರೆ ಆನ್ ಆಗುವ ವೋಲ್ಟೇಜ್ ಜರುಗುವುದು ಹೆಚ್ಚುಕಡಿಮೆ ನಾಲ್ಕು ಪಟ್ಟು, ನಿಮ್ಮದು 300! 2020ರಲ್ಲಿ ಚೀನಾದ ತಂಡವೊಂದು ಆಕ್ಸೈಡನ್ನೇ ಬಿಟ್ಟು ಅಯಾನ್ ಜೆಲ್ (ಅಯಾನುಗಳಿರುವ ಮೆತ್ತನೆಯ ಜೆಲ್) ಗೇಟ್, ಕೆಳಗೆ ಪಾಲಿಇಮೈಡ್ ಅನ್ನುವ ಪ್ಲಾಸ್ಟಿಕ್ ಹಾಳೆ ಹಾಕಿತು. ಆ ಟ್ರಾನ್ಸಿಸ್ಟರ್‌ಗಳು 15 ಮೆಗಾರ್ಯಾಡ್ (ರ್ಯಾಡ್ ರೇಡಿಯೇಶನ್‌ನ ಹಳೆಯ ಅಳತೆ) ತನಕ ತಡೆದವು. ಆದ ಹಾನಿಯೂ 100 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿದರೆ ಸರಿಹೋಗುತ್ತಿತ್ತು.

ಗ್ರೇ_ಮಾತ್ರ:
ದಯವಿಟ್ಟು ಒಂದೇ ಅಳತೆ ಬಳಸೋಣ. 15 ಮೆಗಾರ್ಯಾಡ್ ಅಂದರೆ 150 ಕಿಲೋಗ್ರೇ. ಇನ್ನೊಂದು, ಚೇಂಬರ್‌ನವರು ಕೊಡುವ ಲೆಕ್ಕ ಸಾಮಾನ್ಯವಾಗಿ ನೀರು ಎಷ್ಟು ಹೀರುತ್ತದೆ ಅನ್ನುವುದು. ಆಕ್ಸೈಡ್‌ಗೆ ನೂರಕ್ಕೆ ಹತ್ತರಷ್ಟು ಕಡಿಮೆ.

ಮೈಸೂರು_ಸರ್ಕ್ಯೂಟ್:
ಎಂಟು ವೋಲ್ಟ್‌ಗಿಂತ ಜಾಸ್ತಿ ಜರುಗಿರುವಾಗ ಆ ಹತ್ತನ್ನು ಹಿಡಿದುಕೊಂಡು ಏನು ಮಾಡುವುದು?

ಗ್ರೇ_ಮಾತ್ರ:
ಪೇಪರ್ ಕಳಿಸಿದಾಗ ಮೊದಲು ಕೇಳುವುದೇ ಅದನ್ನು.

  

ಟ್ಯೂಬ್_ತುಮಕೂರು:
ಒಂದು ಹೇಳಲು ಮರೆತೆ. ಮೊದಲ ಅಳತೆ ಗಾಮಾ ಕೊಟ್ಟ ದಿನದ್ದು. ಆರು ದಿನ ಬಿಟ್ಟು ಇವತ್ತು ಅಳೆದರೆ ಎರಡು ಚಿಪ್ -8ಕ್ಕೇ ಆನ್ ಆದವು. ಚಾರ್ಜ್ ತಾನಾಗೇ ಇಳಿಯುತ್ತಿದೆಯಾ?

ಮೈಸೂರು_ಸರ್ಕ್ಯೂಟ್:
ಇರಬಹುದು. ಆದರೆ ಗಾಳಿಯಲ್ಲಿನ ಆಮ್ಲಜನಕ, ತೇವ ಟ್ಯೂಬ್ ಮೇಲೆ ಕೂತರೂ ವೋಲ್ಟೇಜ್ ಜರುಗುತ್ತದೆ. ಗಾಮಾ ಕೊಡದ ಚಿಪ್ ಒಂದನ್ನು ಜೊತೆಗೇ ಅಳೆದಿದ್ದೀರಾ?

ಟ್ಯೂಬ್_ತುಮಕೂರು:
ಇಲ್ಲ ಸರ್, 12ನ್ನೂ ಒಳಗೆ ಹಾಕಿಬಿಟ್ಟೆವು. ಹಳೆ ಬ್ಯಾಚಿನದು ಒಂದು ಡೆಸಿಕೇಟರ್‌ನಲ್ಲಿದೆ (ತೇವ ತಾಗದ ಡಬ್ಬಿ), ನಾಳೆ ಅದನ್ನು ಅಳೆಯುತ್ತೇನೆ.