ದೊಡ್ಡಪ್ಪನ ಫಾರ್ವರ್ಡೂ ಬೋಳು ತಲೆ ಗೌಜಲಕ್ಕಿಯೂ

ದೊಡ್ಡಪ್ಪ: (ಫಾರ್ವರ್ಡ್) 🙏 ಗೌಜಲಕ್ಕಿ ಜೀವನದಲ್ಲಿ ಒಂದೇ ಸಲ ಜೋಡಿ ಆಗೋದು. ಗಂಡನ್ನ ಬೇರೆ ಮಾಡಿದ್ರೆ ಹೆಣ್ಣು ಕೊರಗಿ ಪುಕ್ಕ ಉದುರಿಸಿಕೊಂಡು ಸಾಯುತ್ತೆ. ಹಕ್ಕಿ ಸಾಕೋರಿಗೆಲ್ಲ ಕಳಿಸಿ 🙏

ದೊಡ್ಡಪ್ಪ: ಇದು ನಿನಗೇ ಪುಟ್ಟಿ. ನಿನ್ನೆ ನಿನ್ನ ಗೌಜಲಕ್ಕಿ ಜೋಡಿನ ಬೇರೆ ಮಾಡಿ ಫೋಟೋ ಹಾಕಿದ್ಯಲ್ಲ. ಪಾಪ ಅಲ್ವೇನಮ್ಮ

ನಾನು: ದೊಡ್ಡಪ್ಪ ಪುಕ್ಕ ಹೋಗಿದ್ದು ಬೇರೆ ಮಾಡೋಕೆ ಮುಂಚೆನೇ, ಅದು ಹೋಗಿದ್ದಕ್ಕೇ ಬೇರೆ ಮಾಡಿದ್ದು. ಬರೆದೋರು ಹಿಂದುಮುಂದು ಮಾಡಿಬಿಟ್ಟಿದಾರೆ

ಅತ್ತೆ: ಹೇನು ಇರ್ಬೇಕು ಕಣೆ, ತಲೆ ಹಿಂದೆ ಪೂರ್ತಿ ಬೋಳು

ನಾನು: ರಾತ್ರಿ ಟಾರ್ಚ್ ಹಿಡ್ಕೊಂಡು ರೆಕ್ಕೆ ಕೆಳಗೆ ಬಾಲದ ಬುಡ ಎಲ್ಲ ನೋಡ್ದೆ ಅತ್ತೆ, ಒಂದೂ ಇಲ್ಲ. ಬೋಳಾಗಿರೋದು ತಲೆ ಹಿಂದೆ, ಕತ್ತು, ಬೆನ್ನು ಅಷ್ಟೇ. ಗಂಡು ಮೆಟ್ಟೋವಾಗ ಕೊಕ್ಕಲ್ಲಿ ಅಲ್ಲೇ ಕಚ್ಚಿ ಹಿಡಿಯುತ್ತೆ, ಬೆನ್ನ ಮೇಲೆ ಕಾಲಿಡುತ್ತೆ, ದಿನಕ್ಕೆ ಎಷ್ಟು ಸಲ ಅಂತ ಲೆಕ್ಕನೇ ಇಲ್ಲ, ಅದೂ ಇರೋ ಒಂದೇ ಹೆಣ್ಣಿಗೆ

ಸಣ್ಣಮಾವ: ಜಪಾನಿ ಕ್ವೇಲ್ ಅಂತಾರಲ್ಲ, ಆ ಗೌಜಲಕ್ಕಿ ತಾನೆ? ಅದನ್ನ ಜೋಡಿ ಅಂತ ಇಟ್ಟಿದ್ದೇ ತಪ್ಪು. ಒಂದು ಗಂಡಿಗೆ 4-5 ಹೆಣ್ಣು ಇರ್ಬೇಕು, ಆಗ ಯಾರಿಗೂ ಹೊರೆ ಆಗಲ್ಲ

ಅತ್ತೆ: ಇದನ್ನ ಅಷ್ಟು ಖುಷಿಯಾಗಿ ಬರೀಬೇಡಿ 😄

ಅಣ್ಣ: ಇನ್ನೊಂದು ಗಂಡು ತಂದ್ರೆ ಅವೆರಡೂ ಆಡ್ಕೊಂಡು ಇರಲ್ವಾ

ಸಣ್ಣಮಾವ: ಕಿತ್ತಾಡ್ಕೊಂಡು ಇರ್ತವೆ. ಆಮೇಲೆ ಎರಡೂ ಸೇರಿ ಹೆಣ್ಣಿನ ಹಿಂದೆ ಬೀಳ್ತವೆ

ದೊಡ್ಡಪ್ಪ: ಗಂಡಿಲ್ದೆ ಮೊಟ್ಟೆ ಹೆಂಗಿಡುತ್ತೆ ಮತ್ತೆ

ನಾನು: ಇಡುತ್ತೆ ದೊಡ್ಡಪ್ಪ, ಮರಿ ಆಗಲ್ಲ ಅಷ್ಟೇ

ದೊಡ್ಡಪ್ಪ: ಗಂಡು ಬೆಳಗ್ಗೆಯಿಂದ ಕೂಗ್ತಾನೇ ಇದೆ ಅಂತ ನೀನೇ ಹಾಕಿದ್ಯ. ಅದು ಕೊರಗಲ್ವಾ ಹಂಗಾದ್ರೆ?

ನಾನು: ಅದೊಂದು ಮಾತು ಒಪ್ಕೋತೀನಿ. ಒಂಟಿ ಗಂಡು ಹೆಣ್ಣನ್ನ ಕರೆಯೋಕೆ ಜಾಸ್ತಿ ಕೂಗುತ್ತೆ. ಅದಕ್ಕೇ ದೂರ ಇಟ್ಟಿಲ್ಲ, ಮಧ್ಯ ಬರೀ ಜಾಲರಿ, ಮುಖ ಕಾಣುತ್ತೆ ದನಿ ಕೇಳುತ್ತೆ, ವಾಪಸ್ ಸೇರಿಸೋವಾಗ್ಲೂ ಜಗಳ ಕಮ್ಮಿ. ಆದ್ರೆ ಹೆಣ್ಣಿನ ತಲೆ ಚರ್ಮ ಹರಿದು ರಕ್ತ ಬಂದಿತ್ತು, ಉಪ್ಪುನೀರಲ್ಲಿ ತೊಳೆದೆ, ಅದು ವಾಸಿ ಆಗೋವರೆಗೂ ಒಟ್ಟಿಗೆ ಬಿಡಲ್ಲ. ರಕ್ತ ಕಂಡ್ರೆ ಗಂಡು ಅಂತಲ್ಲ, ಬೇರೆ ಹೆಣ್ಣುಗಳೂ ಅಲ್ಲೇ ಕುಕ್ತವೆ. ಸಾಲದ್ದಕ್ಕೆ ಗಂಡು ಅಟ್ಟಿಸ್ಕೊಂಡು ಬಂದ್ರೆ ಹೆಣ್ಣು ಹೆದರಿ ನೆಟ್ಟಗೆ ಮೇಲಕ್ಕೆ ಹಾರಿ ಪಂಜರದ ಕಂಬಿಗೆ ತಲೆ ಚಚ್ಕೊಳುತ್ತೆ

ಅತ್ತೆ: ಅಯ್ಯೋ. ಪುಕ್ಕ ಬರುತ್ತೇನೆ ತಿರ್ಗಾ

ನಾನು: ಬುಡಸಮೇತ ಕಿತ್ತಿರೋದು ಕೆಲವು ವಾರದಲ್ಲಿ ಬರುತ್ತೆ. ಅರ್ಧಕ್ಕೆ ಮುರಿದಿರೋದು ಮಾತ್ರ ಮುಂದಿನ ಸಲ ಪುಕ್ಕ ಬದಲಾಗೋವರೆಗೂ ಹಂಗೇ. ಪುಕ್ಕ ಅಂದ್ರೆ ಬಹುಪಾಲು ಪ್ರೋಟೀನೇ ತಾನೆ, ಅದಕ್ಕೆ 20 ಪರ್ಸೆಂಟ್‌ಗಿಂತ ಕಮ್ಮಿ ಪ್ರೋಟೀನ್ ಇರೋ ಫೀಡ್ ಹಾಕ್ತಿಲ್ಲ

ಸಣ್ಣಮಾವ: ಬಚ್ಚಿಟ್ಕೊಳ್ಳೋಕೆ ಜಾಗ ಇದ್ಯಾ? ರಟ್ಟಿನ ಡಬ್ಬಕ್ಕೆ ಎರಡು ಕಡೆ ತೂತು ಮಾಡು, ಒಂದೇ ಕಡೆ ಮಾಡಿದ್ರೆ ಒಳಗೇ ಸಿಕ್ಕಾಕೊಳುತ್ತೆ. ಲೈಟ್ ಎಷ್ಟೊತ್ತು ಉರೀತಿದೆ?

ನಾನು: 16 ಗಂಟೆ ಇತ್ತು. ಮೊಟ್ಟೆ ಜಾಸ್ತಿ ಇಡ್ಲಿ ಅಂತ ಒಬ್ರು ಹೇಳಿದ್ರು, ಈ ಗ್ರೂಪಲ್ಲೇ ಇದಾರೆ

ಸಣ್ಣಮಾವ: ಅಷ್ಟು ಬೆಳಕಿದ್ರೆ ಗಂಡಿಗೆ ವರ್ಷಪೂರ್ತಿ ಅದೇ ಸೀಸನ್ನು. 8-10 ಗಂಟೆಗೆ ಇಳಿಸು, ಮೊಟ್ಟೆ ಕಮ್ಮಿ ಆಗುತ್ತೆ, ನಿಲ್ಲಲೂಬಹುದು, ಆದ್ರೆ ಎರಡಕ್ಕೂ ಆರಾಮ

ಅಣ್ಣ: ದೊಡ್ಡಪ್ಪ ಟೈಪಿಂಗ್ ಟೈಪಿಂಗ್ ಅಂತ ಹತ್ತು ನಿಮಿಷದಿಂದ ತೋರಿಸ್ತಿದೆ

ದೊಡ್ಡಪ್ಪ: ಎದೆ ಕೆಂಪಗಿದ್ದು ಚುಕ್ಕೆ ಇಲ್ದೇ ಇರೋದು ಗಂಡು ತಾನೆ?

ನಾನು: ಹೂಂ, ಸಾಮಾನ್ಯ ಕಂದು ಬಣ್ಣದ್ದಾದ್ರೆ. ಯಾಕೆ

ದೊಡ್ಡಪ್ಪ: ನಾನೂ ಹೋದ ತಿಂಗಳು ಒಂದು ಜೋಡಿ ತಂದೆ. ಹೆಣ್ಣು ಮೂಲೆ ಬಿಟ್ಟು ಬರ್ತಿಲ್ಲ

ನಾನು: ತಲೆ ಹಿಂದಿನ ಫೋಟೋ ಹಾಕಿ ದೊಡ್ಡಪ್ಪ

ದೊಡ್ಡಪ್ಪ: ಲೈಟ್ ಆರಿಸ್ಬಿಟ್ಟೆ ಈಗ ತಾನೆ. ಬೆಳಗ್ಗೆ ಹಾಕ್ತೀನಿ