ಮಗಳ ಹೊಟ್ಟೆನೋವಿಗೆ ನನ್ನ ಗಾಬರಿಯೇ ಕಾರಣವಾ?

ಪ್ರಶ್ನೆ (ಒಬ್ಬ ತಾಯಿ):
ಮೇಡಂ, ಮಗಳಿಗೆ 10 ವರ್ಷ. ಐದು ತಿಂಗಳಿಂದ ಹೊಟ್ಟೆನೋವು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆಯ್ತು, ಎಲ್ಲ ನಾರ್ಮಲ್. "ನೀವು ಟೆನ್ಷನ್ ಮಾಡಿಕೊಂಡಷ್ಟೂ ಅವಳಿಗೆ ನೋವು ಜಾಸ್ತಿ" ಅಂದುಬಿಟ್ಟರು ಡಾಕ್ಟರು. ಮನೆಗೆ ಬಂದು ಅತ್ತುಬಿಟ್ಟೆ. ಬೆಳಗ್ಗೆ ಕಣ್ಣು ಬಿಡುತ್ತಲೇ "ಹೊಟ್ಟೆ ಹೇಗಿದೆ ಪುಟ್ಟಾ" ಅಂತ ಕೇಳ್ತೀನಿ, ನಿಜ. ನಾನು ಕೇಳದೆ ಇನ್ಯಾರು ಕೇಳಬೇಕು? ವಾರಕ್ಕೆ ಎರಡು ದಿನ ಶಾಲೆ ತಪ್ಪುತ್ತಿದೆ. ಅವಳು ನಾಟಕ ಮಾಡ್ತಿದ್ದಾಳಾ, ಇಲ್ಲ ತಪ್ಪು ನನ್ನದಾ?

ಉತ್ತರ (ಮಕ್ಕಳ ಮನಶ್ಶಾಸ್ತ್ರಜ್ಞೆ):
ನಾಟಕ ಅಲ್ಲ. ತಪ್ಪು ನಿಮ್ಮದೂ ಅಲ್ಲ. ಡಾಕ್ಟರು ಆ ಟೆನ್ಷನ್ ಮಾತನ್ನು ನಿಮಗೆ ಇನ್ನಷ್ಟು ಮೆತ್ತಗೆ ಹೇಳಬೇಕಿತ್ತು.

ಮೂರು ತಿಂಗಳು ದಾಟಿದ ನೋವನ್ನು ನಾವು ದೀರ್ಘಕಾಲದ ನೋವು ಅನ್ನುತ್ತೇವೆ. ಇಂಥ ಮಕ್ಕಳಲ್ಲಿ ಕರುಳಿನ ನರಗಳು ಸೂಕ್ಷ್ಮವಾಗಿರುತ್ತವೆ. ಕರುಳು ಸ್ವಲ್ಪ ಹಿಗ್ಗಿದರೂ, ಗ್ಯಾಸ್ ಸರಿದಾಡಿದರೂ ನಮಗೆ ಗೊತ್ತೇ ಆಗುವುದಿಲ್ಲ, ಅವಳಿಗೆ ಅದೇ ನೋವು. ಸ್ಕ್ಯಾನಿಂಗ್‌ನಲ್ಲಿ ಇದು ಕಾಣಿಸುವುದಿಲ್ಲ. ನೋವು ಮಾತ್ರ ನೂರಕ್ಕೆ ನೂರು ನಿಜ.

ಇನ್ನು ನಿಮ್ಮ ಪಾತ್ರ. ನನ್ನ ಕೋಣೆಯಲ್ಲಿ ಮಗುವನ್ನು "ಈಗ ನೋವಿದೆಯಾ?" ಅಂತ ಕೇಳಿದರೆ, ಎಷ್ಟೋ ಮಕ್ಕಳು ಉತ್ತರಿಸುವ ಮೊದಲು ಅಮ್ಮನ ಮುಖ ನೋಡುತ್ತವೆ. ಅರೆಕ್ಷಣ ಅಷ್ಟೇ. ಅಲ್ಲಿ ಹುಬ್ಬು ಗಂಟಿಕ್ಕಿದ್ದರೆ, ಮಗುವಿನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ. ಇದು ಅಪಾಯವೋ ಅಲ್ಲವೋ ಅಂತ ಮಿದುಳು ಲೆಕ್ಕ ಹಾಕುತ್ತಲೇ ಇರುತ್ತದೆ. ಮಕ್ಕಳು ಆ ಲೆಕ್ಕಕ್ಕೆ ದೊಡ್ಡವರ ಮುಖವನ್ನೂ ಸೇರಿಸಿಕೊಳ್ಳುತ್ತಾರೆ. ಅಪಾಯ ಅನ್ನಿಸಿದರೆ ಗಮನವೆಲ್ಲ ಹೊಟ್ಟೆಗೇ ಹೋಗುತ್ತದೆ, ನೋವು ಏರುತ್ತದೆ. ಅದು ಏರಿದ್ದು ನೋಡಿ ನೀವು ಇನ್ನಷ್ಟು ಹೆದರುತ್ತೀರಿ. ಈ ಸುತ್ತನ್ನು ಶುರು ಮಾಡಿದ್ದು ನೀವಲ್ಲ, ಆದರೆ ಅದನ್ನು ಬಿಡಿಸುವ ಒಂದು ಎಳೆ ನಿಮ್ಮ ಕೈಯಲ್ಲಿದೆ.

2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿನ್ ವಾಕರ್ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಹೊಟ್ಟೆನೋವಿರುವ ಮಕ್ಕಳಿಗೂ ಇಲ್ಲದ ಮಕ್ಕಳಿಗೂ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿದರು. ಕೆಲವು ತಂದೆತಾಯಂದಿರಿಗೆ ಮಗುವಿನ ಸಂಕಟದ ಬಗ್ಗೆಯೇ ಗಮನ ಕೊಡಿ ಅಂದರು, ಕೆಲವರಿಗೆ ಮಗುವಿನ ಮನಸ್ಸನ್ನು ಬೇರೆ ಕಡೆ ಸೆಳೆಯಿರಿ ಅಂದರು, ಉಳಿದವರಿಗೆ ಏನೂ ಹೇಳಲಿಲ್ಲ. ಏನೂ ಹೇಳದ ಗುಂಪಿಗೆ ಹೋಲಿಸಿದರೆ, ಗಮನ ಕೊಟ್ಟಲ್ಲಿ ಮಕ್ಕಳ ದೂರು ಹೆಚ್ಚೂಕಡಿಮೆ ಎರಡು ಪಟ್ಟಾಯಿತು. ಮನಸ್ಸು ಬೇರೆಡೆ ಸೆಳೆದಲ್ಲಿ ಅರ್ಧಕ್ಕೆ ಇಳಿಯಿತು.

ಹಾಗಾಗಿ ನಾಳೆಯಿಂದ ಬೆಳಗಿನ ಆ ಪ್ರಶ್ನೆಯೊಂದನ್ನು ನಿಲ್ಲಿಸಿ. ಅವಳಾಗಿ ಹೇಳಿದರೆ ಕಿವಿಗೊಡಿ. "ನೋವಾಗ್ತಿದೆ ಅಂತ ಗೊತ್ತಾಯ್ತು, ಬಾ, ನಿಧಾನಕ್ಕೆ ಉಸಿರು ಬಿಡೋಣ, ಆಮೇಲೆ ಬ್ಯಾಗ್ ಜೋಡಿಸೋಣ" ಅಂದರೆ ಸಾಕು. ಶಾಲೆ ತಪ್ಪಿಸಬೇಡಿ. ಪೂರ್ತಿ ದಿನ ಕಷ್ಟವಾದರೆ ಟೀಚರ್ ಜೊತೆ ಮಾತಾಡಿ ಅರ್ಧ ದಿನದಿಂದ ಶುರು ಮಾಡಿ. ಮನೆಯಲ್ಲಿ ಉಳಿದ ದಿನ ಟಿವಿ, ಮೊಬೈಲ್ ಬೇಡ.

ಒಂದು ಎಚ್ಚರಿಕೆ: ತೂಕ ಇಳಿಯುವುದು, ಬೆಳವಣಿಗೆ ಕುಂಠಿತವಾಗುವುದು, ಮಲದಲ್ಲಿ ರಕ್ತ, ಮತ್ತೆ ಮತ್ತೆ ವಾಂತಿ, ಕಾರಣ ತಿಳಿಯದ ಜ್ವರ, ನಿದ್ದೆಯಿಂದ ಎಬ್ಬಿಸುವ ನೋವು, ಇವುಗಳಲ್ಲಿ ಒಂದು ಕಂಡರೂ ಕಾಯದೆ ಡಾಕ್ಟರ್ ಹತ್ತಿರ ಹೋಗಿ.

ಅದೇ ತಾಯಿ:
ಕೇಳದೇ ಇದ್ದರೆ ಅಮ್ಮನಿಗೆ ನನ್ನ ಮೇಲೆ ಪ್ರೀತಿ ಇಲ್ಲ ಅಂದುಕೊಳ್ಳಲ್ವಾ ಮೇಡಂ? ನನ್ನ ಕೈಲಿ ಆಗುತ್ತಾ ಗೊತ್ತಿಲ್ಲ.

ಉತ್ತರ:
ಈ ಭಯ ನಿಮ್ಮೊಬ್ಬರದಲ್ಲ. ಅದೇ ಅಧ್ಯಯನದಲ್ಲಿ, ನೋವಿರುವ ಮಕ್ಕಳ ತಂದೆತಾಯಂದಿರು ಗಮನ ಬೇರೆಡೆ ಸೆಳೆದರೆ ಮಗುವಿಗೆ ಕೆಡುಕಾದೀತು ಅಂದುಕೊಂಡಿದ್ದರು. ಮಕ್ಕಳನ್ನೇ ಕೇಳಿದಾಗ, ಹಾಗೆ ಮಾಡಿದ ಅಪ್ಪ ಅಮ್ಮನಿಂದಲೇ ಹೆಚ್ಚು ಹಾಯೆನಿಸಿತು ಅಂದರು. ನೀವು ಪ್ರೀತಿ ಕಡಿಮೆ ಮಾಡಬೇಕಿಲ್ಲ, ಅದರ ಹೊತ್ತು ಬದಲಾಯಿಸಿ. ಅವಳು ಚಿತ್ರ ಬರೆಯುವಾಗ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ, ನೋವಿಲ್ಲದ ಹೊತ್ತಲ್ಲಿ ತಲೆ ನೇವರಿಸಿ. ಅವಳಿಗೆ ಮೊದಲೇ ಹೇಳಿಬಿಡಿ: "ಇನ್ನು ಮೇಲೆ ನಾನು ಪದೇ ಪದೇ ಕೇಳಲ್ಲ, ನಿನಗೆ ಬೇಕಾದಾಗ ನನ್ನ ಹತ್ತಿರ ಬಾ." ಮೊದಲ ಕೆಲವು ದಿನ ದೂರು ಜಾಸ್ತಿಯಾಗಬಹುದು, ಆಗ ಕೈಬಿಡಬೇಡಿ.

ಇನ್ನೊಬ್ಬರು (ಒಬ್ಬ ತಂದೆ):
ಮಗನಿಗೆ ತಲೆನೋವು. ನಾನು "ಏನಿಲ್ಲ, ಎದ್ದು ಹೋಗು" ಅಂತ ಗದರಿಬಿಡ್ತೀನಿ. ಅದು ಸರಿ ಅಂತಾಯ್ತಾ ಹಾಗಾದರೆ?

ಉತ್ತರ:
ಇಲ್ಲ ಸರ್. ಗದರಿದರೆ ತನ್ನ ನೋವು ನಿಜ ಅಂತ ತೋರಿಸಲು ಮಗು ಇನ್ನೂ ಜೋರಾಗಿ ಹೇಳಬೇಕಾಗುತ್ತದೆ, ಇಲ್ಲವೇ ಒಳಗೇ ನುಂಗಿಕೊಳ್ಳುತ್ತದೆ. "ನೋವಿದೆ" ಅನ್ನುವುದನ್ನು ಮೊದಲು ಒಪ್ಪಿಕೊಳ್ಳಿ, ಎದ್ದು ಹೋಗುವ ಮಾತು ಆಮೇಲೆ. ಅಮ್ಮ ಒಂದು, ಅಪ್ಪ ಇನ್ನೊಂದು ಹೇಳಿದರೆ ಮಗು ನಡುವೆ ಸಿಕ್ಕಿಕೊಳ್ಳುತ್ತದೆ, ಇಬ್ಬರೂ ಕೂತು ಒಂದೇ ಮಾತು ನಿಶ್ಚಯಿಸಿಕೊಳ್ಳಿ.

ಅದೇ ತಾಯಿ:
ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲ್‌ನಲ್ಲಿ ಕಾಯಿಲೆಗಳ ಹೆಸರು ಹುಡುಕ್ತೀನಿ. ಅದನ್ನ ಏನು ಮಾಡಲಿ?

ಉತ್ತರ:
ಅದಕ್ಕೆ ನಿಮಗೇ ಆಸರೆ ಬೇಕಮ್ಮಾ. ಮಗಳನ್ನು ಆಪ್ತಸಮಾಲೋಚಕರ ಹತ್ತಿರ ಕರೆದುಕೊಂಡು ಹೋದಾಗ ಅರ್ಧ ಗಂಟೆ ನಿಮಗಾಗಿಯೂ ಕೇಳಿ ತೆಗೆದುಕೊಳ್ಳಿ. ಈ ರಾತ್ರಿಯ ಹುಡುಕಾಟವನ್ನು ಅವರ ಮುಂದೆ ಹೇಳಿ, ಮಗಳ ಮುಂದೆ ಬೇಡ.