ಸರಿಗಮಪ ಫೈನಲಿಸ್ಟ್‌ಗಳ ಆರ್ಕೆಸ್ಟ್ರಾ: ಮೊದಲೇ ಏನೇನು ಕೇಳಿಟ್ಟುಕೊಳ್ಳಬೇಕು?

ಹಬ್ಬದ ಕಾರ್ಯಕ್ರಮಕ್ಕೆ ಮೂವರು ಗಾಯಕರು ಬರ್ತಿದ್ದಾರೆ, ವಾದ್ಯದವರು ನಮ್ಮವರೇ. ಒಟ್ಟು 20 ಹಾಡು, ರಿಹರ್ಸಲ್ ಒಂದೇ. ಎಲ್ಲಿ ಎಡವಬಹುದು ಹೇಳಿ.

ಕೀಬೋರ್ಡ್‌ನವ: ಹಾಡಿನ ಪಟ್ಟಿ ಮಾತ್ರ ಸಾಲದು ಸರ್, ಪ್ರತಿ ಹಾಡಿನ ಮುಂದೆ ಗಾಯಕರ ಶ್ರುತಿ ಬರೆಸಿಕೊಳ್ಳಿ. ಕೊಳಲಿನವರು ಶ್ರುತಿಗೆ ತಕ್ಕ ಕೊಳಲು ತರಬೇಕು, ತಬಲಾದವರಿಗೂ ಅಷ್ಟೇ. ಟಿವಿಯಲ್ಲಿ ಹಾಡನ್ನು ಎಷ್ಟೋ ಸಲ ಮೊಟಕು ಮಾಡಿರ್ತಾರೆ. ಎರಡನೇ ಚರಣ ಹಾಡ್ತಾರಾ ಅಂತ ಕೇಳಿ. ಇಲ್ಲದಿದ್ದರೆ ಬಿಜಿಎಂ (ಚರಣಗಳ ನಡುವಿನ ವಾದ್ಯಸಂಗೀತ) ಮುಗಿದ ಮೇಲೆ ಅವರೊಂದು ಕಡೆ, ವಾದ್ಯ ಇನ್ನೊಂದು ಕಡೆ. ಕೀಬೋರ್ಡಿನ ಶ್ರುತಿ ಏರಿಳಿಸುವ ಟ್ರಾನ್ಸ್‌ಪೋಸ್ ಬಳಸಿದರೆ ಹಾಡು ಮುಗಿದ ತಕ್ಷಣ ಸೊನ್ನೆಗೆ ತನ್ನಿ. ಮುಂದಿನ ಹಾಡಿನ ಮೊದಲ ಸ್ವರಗುಚ್ಛವೇ (ಕಾರ್ಡ್) ತಪ್ಪುವುದು ಇಲ್ಲೇ.

ಸೌಂಡ್ ಅಣ್ಣ: ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯಬೇಡಿ ಅಂತ ಗಾಯಕರಿಗೆ ದಯವಿಟ್ಟು ಹೇಳಿ. ಹಾಗೆ ಹಿಡಿದರೆ ಮೈಕು ಸುತ್ತಲಿನ ಸದ್ದನ್ನೆಲ್ಲ ಎಳೆದುಕೊಂಡು ಕೂಗುತ್ತೆ, ದನಿಯೂ ಮಂಕಾಗುತ್ತೆ. ಸಭಿಕರ ನಡುವೆ ಇಳಿದು ಹಾಡುವುದಿದ್ದರೆ ಮುಂಚೆಯೇ ತಿಳಿಸಿ. ಮುಖ್ಯ ಸ್ಪೀಕರಿನ ಎದುರಿಗೆ ಬಂದರೆ ಫೀಡ್‌ಬ್ಯಾಕ್ (ಸ್ಪೀಕರಿನ ಸದ್ದು ಮೈಕಿಗೆ ಮರಳಿ ಕೂಗುವುದು) ಗ್ಯಾರಂಟಿ. ಆ ಮೈಕಿನ ಗೇನ್ (ಸದ್ದು ಹಿಡಿಯುವ ಮಟ್ಟ) ಇಳಿಸಲೇಬೇಕು. ವೈರ್‌ಲೆಸ್‌ಗೆ ಹೊಸ ಸೆಲ್, ಪಕ್ಕದಲ್ಲೊಂದು ವೈರಿನ ಮೈಕ್ ಇರಲಿ.

ಸಂಘಟಕ: ಪೊಲೀಸ್ ಅನುಮತಿ ಜತೆಗೆ ಹಾಡುಗಳಿಗೆ ಐಪಿಆರ್‌ಎಸ್ (ಹಾಡುಗಳ ಹಕ್ಕುಸ್ವಾಮ್ಯ ನೋಡಿಕೊಳ್ಳುವ ಸಂಸ್ಥೆ) ಪರವಾನಗಿಯನ್ನೂ ವಿಚಾರಿಸಿ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು. ಸನ್ಮಾನ, ಭಾಷಣ ಮೊದಲೇ ಮುಗಿಸಿಬಿಡಿ. ಜನ ಕಾಯೋದು ಆ ಮಕ್ಕಳ ಹಾಡಿಗೆ. ಟಿವಿಯಲ್ಲಿ ಹೆಸರು ತಂದ ಹಾಡನ್ನು 9:30ರೊಳಗೇ ಹಾಡಿಸಿ.